ನೋಟದ ಋಣ

ಒಂದು ಉಪಕರಣವು ಇನ್ನೊಂದಕ್ಕಿಂತ ಮೇಲಾದುದೆಂದು ನಾವು ನಿತ್ಯವೂ ಹೇಳುತ್ತಿರುತ್ತೇವೆ. ಕಬ್ಬಿಣದ ನೇಗಿಲು ಮರದ ನೇಗಿಲಿಗಿಂತ ಮೇಲು, ವಿದ್ಯುದ್ದೀಪವು ಹರಳೆಣ್ಣೆಯ ಹಣತೆಗಿಂತ ಮೇಲು. ಇಲ್ಲಿ ಮೇಲೆಂಬ ಮಾತಿನ ಅರ್ಥವು ಸ್ಪಷ್ಟವಾಗಿದೆ: ಕಡಿಮೆ ಶ್ರಮ, ಹೆಚ್ಚು ಕೆಲಸ. ಆದರೆ ಕೆಲವು ಉಪಕರಣಗಳ ಕೆಲಸವು ನಮಗೂ ಮಣ್ಣಿಗೂ, ಅಥವಾ ನಮಗೂ ಕತ್ತಲೆಗೂ ನಡೆಯುವ ವ್ಯವಹಾರವಲ್ಲ; ನಮಗೂ ಇನ್ನೊಬ್ಬ ಮನುಷ್ಯನಿಗೂ ನಡೆಯುವ ವ್ಯವಹಾರ. ಅಂಥ ಉಪಕರಣವನ್ನು ಬಳಸುವಲ್ಲಿ ನಮ್ಮ ಶ್ರಮವು ಕಡಿಮೆಯಾದರೆ, ಕಡಿಮೆಯಾದದ್ದು ಬರಿಯ ಶ್ರಮವೇ, ಇಲ್ಲವೆ ಅದರೊಡನೆ ಎದುರಿನವನಿಗೆ ಸಲ್ಲಬೇಕಾಗಿದ್ದ ಏನಾದರೂ ಸಲ್ಲದೆ ಹೋಯಿತೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಕ್ಯಾಮರಾ ಅಂಥದೊಂದು ಉಪಕರಣ.

ನಮ್ಮ ಮನೆಯಲ್ಲಿ ಈಗ ಎರಡು ಕ್ಯಾಮರಾಗಳಿವೆ. ಒಂದು ಹತ್ತು ವರ್ಷಗಳನ್ನು ದಾಟಿದ್ದು, ನಾನು ಕೊಂಡದ್ದು. ಇನ್ನೊಂದು ಈಚಿನದು, ಮಗನು ತಂದದ್ದು. ಎರಡನ್ನೂ ಇಟ್ಟುಕೊಳ್ಳುವ ಅವಶ್ಯಕತೆಯಿಲ್ಲ, ಹಳೆಯದನ್ನು ಬಂದ ಬೆಲೆಗೆ ಕೊಟ್ಟುಬಿಡೋಣವೆಂದು ಮನೆಯಲ್ಲಿ ಮಾತು ಬಂದಾಗ, ಕೆಲವು ಕಾಲ ಎರಡನ್ನೂ ಒಂದೇ ಬಗೆಯ ಕೆಲಸಕ್ಕೆ ಬಳಸಿ ನೋಡೋಣವೆಂದು ನಾನು ಹೇಳಿದೆನು. ಆ ಪರೀಕ್ಷೆಯು ಯಂತ್ರಗಳ ಮಟ್ಟಿಗೆ ಬೇಗನೆ ಮುಗಿಯಿತು. ನನ್ನ ಮಟ್ಟಿಗೆ ಬೇಗನೆ ಮುಗಿಯಲಿಲ್ಲ. ಏಕೆಂಬುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಈ ಎರಡೂ ಮಿರರ್‌ಲೆಸ್ ಎಂಬ ಜಾತಿಯ ಕ್ಯಾಮರಾಗಳು. ಅದರ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಹಿಂದಿನ ಎಸ್‌ಎಲ್‌ಆರ್ ಕ್ಯಾಮರಾದ ಒಡಲಿನಲ್ಲಿ, ಲೆನ್ಸಿನ ಹಿಂದೆ, ಓರೆಯಾಗಿ ನಿಲ್ಲಿಸಿದ ಒಂದು ಚಿಕ್ಕ ಕನ್ನಡಿ ಇರುತ್ತಿತ್ತು. ಲೆನ್ಸಿನೊಳಗಿಂದ ಬಂದ ಬೆಳಕು ಆ ಕನ್ನಡಿಗೆ ತಾಗಿ ಮೇಲಕ್ಕೇರಿ, ಗಾಜಿನ ಪಟ್ಟಕವನ್ನು ಹಾಯ್ದು, ನೋಡುವವನ ಕಣ್ಣಿಗೆ ಬರುತ್ತಿತ್ತು. ಗುಂಡಿಯನ್ನು ಒತ್ತಿದೊಡನೆ ಕನ್ನಡಿಯು ಮೇಲಕ್ಕೆ ಮಡಚಿಕೊಂಡು ಬೆಳಕಿಗೆ ದಾರಿ ಬಿಡುತ್ತಿತ್ತು. ಕ್ಯಾಮರಾದ ಸಪ್ಪಳವೆಂದು ನಾವು ಬಲ್ಲ ಸಪ್ಪಳದಲ್ಲಿ ದೊಡ್ಡ ಪಾಲು ಆ ಕನ್ನಡಿಯದೇ. ಮಿರರ್‌ಲೆಸ್ ಕ್ಯಾಮರಾದಲ್ಲಿ ಹೆಸರೇ ಹೇಳುವಂತೆ ಆ ಕನ್ನಡಿಯಿಲ್ಲ. ಬೆಳಕು ನೆಟ್ಟಗೆ ಸೆನ್ಸರ್ ಎಂಬ ಫಲಕದ ಮೇಲೆ ಬೀಳುತ್ತದೆ. ಅಲ್ಲಿ ಅದು ವಿದ್ಯುತ್ತಿನ ಸಂಕೇತವಾಗಿ, ಕಣ್ಣಿಗೆ ಹಿಡಿಯುವ ಕಿಂಡಿಯೊಳಗಿನ ಚಿಕ್ಕ ಪರದೆಯಲ್ಲಿ ಮತ್ತೆ ಚಿತ್ರವಾಗುತ್ತದೆ. ಲೆನ್ಸು ಬದಲಿಸಬಹುದಾದ ಇಂಥ ಕ್ಯಾಮರಾಗಳು ಜನರ ಕೈಗೆ ವಿಶೇಷವಾಗಿ ಬರತೊಡಗಿದ್ದು ೨೦೦೮ರಲ್ಲಿ ಪ್ಯಾನಸೋನಿಕ್ ಕಂಪನಿಯು ಲೂಮಿಕ್ಸ್ ಜಿ೧ ಎಂಬ ಮಾದರಿಯನ್ನು ಹೊರತಂದ ಮೇಲೆ.

ಈ ಜಾತಿಯೊಳಗಿನ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರವನ್ನು ಅನೇಕರು ಬಲ್ಲ ಒಂದು ಜೋಡಿಯಿಂದ ತಿಳಿಯಬಹುದು. ಸೋನಿ ಕಂಪನಿಯು ೨೦೧೩ರಲ್ಲಿ ಎ೭ ಎಂಬುದನ್ನೂ ೨೦೧೮ರಲ್ಲಿ ಅದರ ಮೂರನೆಯ ಪೀಳಿಗೆಯ ಎ೭-೩ ಎಂಬುದನ್ನೂ ಮಾರುಕಟ್ಟೆಗೆ ತಂದಿತು. ಮೊದಲನೆಯದು ಸೆಕೆಂಡಿಗೆ ಹೆಚ್ಚೆಂದರೆ ೫ ಚಿತ್ರಗಳನ್ನು ತೆಗೆಯುವದು, ಎರಡನೆಯದು ೧೦. ಫೋಕಸನ್ನು ಹುಡುಕುವದಕ್ಕೆ ಮೊದಲನೆಯದರ ಸೆನ್ಸರಿನ ಮೇಲೆ ೧೧೭ ಫೇಸ್-ಡಿಟೆಕ್ಷನ್ ಬಿಂದುಗಳಿದ್ದರೆ ಎರಡನೆಯದರ ಮೇಲೆ ೬೯೩. ಒಂದು ಸಲ ತುಂಬಿದ ಬ್ಯಾಟರಿಯಿಂದ ಮೊದಲನೆಯದು ಸುಮಾರು ೩೪೦ ಚಿತ್ರಗಳವರೆಗೆ, ಎರಡನೆಯದು ಸುಮಾರು ೭೧೦ರವರೆಗೆ ಬಾಳುವದೆಂದು ತಯಾರಕರ ಲೆಕ್ಕ. ಕೈ ನಡುಗಿದರೆ ಸೆನ್ಸರೇ ಐದು ಬಗೆಯಲ್ಲಿ ಅಲುಗಿ ಆ ನಡುಕವನ್ನು ತಡೆಯುವ ಏರ್ಪಾಡು ಮೊದಲನೆಯದರಲ್ಲಿಲ್ಲ, ಎರಡನೆಯದರಲ್ಲಿದೆ. ಸ್ವಲ್ಪವೂ ಸಪ್ಪಳವಿಲ್ಲದೆ ಚಿತ್ರ ತೆಗೆಯುವ ಶಕ್ತಿಯೂ ಮೊದಲನೆಯದಕ್ಕಿಲ್ಲ, ಎರಡನೆಯದಕ್ಕಿದೆ. ಚಲಿಸುತ್ತಿರುವ ಮುಖದಲ್ಲಿ ಕಣ್ಣೆಲ್ಲಿದೆಯೆಂದು ತಾನೇ ಗುರುತಿಸಿ ಅದನ್ನು ಬಿಡದೆ ಹಿಂಬಾಲಿಸುವದು ಹೊಸದರ ದೊಡ್ಡ ಗುಣ. ೨೦೧೯ರಲ್ಲಿ ಅದರ ತಂತ್ರಾಂಶವನ್ನು ಪರಿಷ್ಕರಿಸಿದ ಮೇಲೆ ಪ್ರಾಣಿಗಳ ಕಣ್ಣನ್ನೂ ಗುರುತಿಸತೊಡಗಿತು. ತೂಕದಲ್ಲಿ ಮಾತ್ರ ಹಳೆಯದೇ ಹಗುರ: ಅದು ೪೭೪ ಗ್ರಾಂ, ಹೊಸದು ೬೫೦.

ಈ ಪಟ್ಟಿಯಲ್ಲಿ ನಾನು ಬೇಕೆಂದೇ ಬಿಟ್ಟ ಅಂಕಿಯೊಂದಿದೆ. ಒಂದು ಚಿತ್ರವನ್ನು ಎಷ್ಟು ಚುಕ್ಕೆಗಳಿಂದ ಕಟ್ಟುತ್ತದೆಂಬ ವಿಷಯದಲ್ಲಿ ಎರಡೂ ಬಹುಮಟ್ಟಿಗೆ ಸಮ; ಎರಡರದೂ ಸುಮಾರು ೨೪ ದಶಲಕ್ಷ. ರಾಯಚೂರಿನ ಬಿಸಿಲಿನಲ್ಲಿ, ಅಲುಗದೆ ನಿಂತ ಕೋಟೆಯ ಗೋಡೆಯನ್ನು ಎರಡರಿಂದಲೂ ತೆಗೆದು ಕಾಗದದ ಮೇಲೆ ಅಚ್ಚು ಮಾಡಿಸಿದರೆ, ಯಾವದು ಯಾವದರದೆಂದು ಹೇಳುವದು ಅಭ್ಯಾಸವಿದ್ದವರಿಗೂ ಕಷ್ಟ. ಹಾಗಾದರೆ ಆ ಐದು ವರ್ಷಗಳಲ್ಲಿ ಮುಖ್ಯವಾಗಿ ಬದಲಾದದ್ದು ಚಿತ್ರವಲ್ಲ. ಚಿತ್ರವನ್ನು ಪಡೆಯುವ ಬಗೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ.

ಹೊಸದರ ಗುಣವನ್ನು ಮೊದಲು ಒಪ್ಪಿಬಿಡೋಣ. ಹಳೆಯದನ್ನು ಹೊಗಳುವದು ನಮ್ಮಂಥ ವಯಸ್ಸಾದವರಿಗೆ ಸುಲಭವಾಗಿ ಅಂಟುವ ಚಟ. ಕೈಗೆ ಒಗ್ಗಿದ್ದನ್ನೇ ಧರ್ಮವೆಂದು ತಿಳಿಯುವ ಮೋಸ ಅದರಲ್ಲಿದೆ. ನನ್ನ ಹಳೆಯ ಕ್ಯಾಮರಾದಿಂದ ಮುಸ್ಸಂಜೆಯ ಮೇಲೆ ಮನೆಯೊಳಗೆ ಒಂದು ಚಿತ್ರ ತೆಗೆಯಬೇಕಾದರೆ ಫ್ಲ್ಯಾಶಿನ ಬೆಳಕನ್ನು ಚೆಲ್ಲಬೇಕು. ತೊಟ್ಟಿಲಲ್ಲಿನ ಕೂಸು ಬೆಚ್ಚುವದು, ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿ ಮುಖ ತಿರುವಿಕೊಳ್ಳುವಳು. ಹೊಸದು ದೇವರ ಮುಂದಿನ ನಂದಾದೀಪದ ಬೆಳಕಿನಲ್ಲಿಯೂ ತನ್ನ ಕೆಲಸವನ್ನು ಮಾಡುತ್ತದೆ. ಮೊಹರಮ್ಮಿನ ರಾತ್ರಿ ಅಲಾಯಿ ಕುಣಿಯ ಕೆಂಡದ ಬೆಳಕಿನಲ್ಲಿ ಜನರ ಮುಖಗಳು ಹೇಗಿರುತ್ತವೆಂಬದನ್ನು ನನ್ನ ಹಳೆಯ ಯಂತ್ರವು ಒಮ್ಮೆಯೂ ಸರಿಯಾಗಿ ಹೇಳಲಿಲ್ಲ. ಹೊಸದು ಮೊದಲ ರಾತ್ರಿಯೇ ಹೇಳಿತು. ಭಜನೆಯ ನಡುವೆ, ಸಾವಿನ ಮನೆಯಲ್ಲಿ, ಸಪ್ಪಳ ಮಾಡದ ಯಂತ್ರವು ಸಪ್ಪಳ ಮಾಡುವದಕ್ಕಿಂತ ಹೆಚ್ಚು ಸಭ್ಯ. ಇವೆಲ್ಲ ಎದುರಿನವರಿಗೇ ಆದ ಉಪಕಾರಗಳು. ಹೊಸದು ಬರಿಯ ಸುಖದ ವಸ್ತುವೆಂದು ಹೇಳುವದು ಅನ್ಯಾಯ.

ಹೀಗೆಂದು ನಾನು ಹೆಚ್ಚು ಕಡಿಮೆ ನಿಶ್ಚಯಿಸಿದ್ದಾಗಲೇ ಗಿಲ್ಲೆಸುಗೂರಿನ ಹೊಲವೊಂದರಲ್ಲಿ ನಡೆದ ಸಂಗತಿಯು ನನ್ನ ನಿಶ್ಚಯವನ್ನು ಕದಡಿತು.

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿ ಸಿಕ್ಕುವ ಈ ಊರಿನ ಸುತ್ತ, ನೀರು ಬರುವಲ್ಲಿ ಭತ್ತ, ಬರದಿರುವಲ್ಲಿ ಹತ್ತಿ. ಅದು ಹತ್ತಿ ಬಿಡಿಸುವ ಕಾಲ. ಪರಿಚಿತರ ಹೊಲದಲ್ಲಿ ಏಳೆಂಟು ಮಂದಿ ಹೆಂಗಸರು ಉಡಿ ಕಟ್ಟಿಕೊಂಡು ಸಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದರು. ಹಿಂದಿನ ವರ್ಷ ಅದೇ ಹೊಲದಲ್ಲಿ, ಹಳೆಯ ಕ್ಯಾಮರಾದಿಂದ, ಅವರಲ್ಲಿ ಹಿರಿಯಳಾದ ಒಬ್ಬಳ ಚಿತ್ರ ತೆಗೆದಿದ್ದೆನು. ಆಗ ನಾನು ಯಂತ್ರವನ್ನು ಕಣ್ಣಿಗೆ ಹಿಡಿದು ಫೋಕಸನ್ನು ಹುಡುಕುತ್ತಿರುವಷ್ಟರಲ್ಲಿ ಆಕೆಯು, "ತಡಿ ಯಪ್ಪಾ, ಸೆರಗು ನೆಟ್ಟಗ ಮಾಡ್ಕೊಂತೀನಿ" ಎಂದು ಉಡಿಯನ್ನು ಇಳಿಸಿ, ತಲೆಯ ಮೇಲೆ ಸೆರಗು ಹೊದ್ದು, ಮೊಗವನ್ನು ಗಂಭೀರ ಮಾಡಿಕೊಂಡು ನಿಂತಳು. ಚಿತ್ರವು ಸಾಧಾರಣವಾಗಿ ಬಂತು. ಅದರ ಪ್ರತಿಯನ್ನು ಕಳಿಸಿಕೊಟ್ಟೆನು; ಆಕೆಯ ಮನೆಯ ಗೋಡೆಯ ಮೇಲೆ ಅದು ಇದೆಯೆಂದು ಆಮೇಲೆ ತಿಳಿಯಿತು.

ಈ ವರ್ಷ ಕೈಯಲ್ಲಿ ಹೊಸದಿತ್ತು. ಅದೇ ಮುದುಕಿ, ಅದೇ ಮಾತು. ಆದರೆ ಆಕೆಯು "ತಡಿ ಯಪ್ಪಾ" ಎನ್ನುವಷ್ಟರಲ್ಲಿ ಯಂತ್ರವು ಆಕೆಯ ಕಣ್ಣನ್ನು ಕಂಡುಹಿಡಿದು, ನನ್ನ ಬೆರಳಿನ ಹಗುರವಾದ ಒತ್ತಿಗೆ ಇಪ್ಪತ್ತಕ್ಕೂ ಮಿಕ್ಕಿ ಚಿತ್ರಗಳನ್ನು, ಒಂದು ಸಣ್ಣ ಸಪ್ಪಳವೂ ಇಲ್ಲದೆ, ತೆಗೆದಾಗಿತ್ತು. ಆಕೆಗೆ ಅದು ಗೊತ್ತಾಗಲಿಲ್ಲ. ಸೆರಗನ್ನು ಸರಿಮಾಡಿಕೊಂಡು ನಿಂತು, "ಈಗ ತೆಗಿ" ಎಂದಳು. ತೆಗೆದೆನು.

ರಾತ್ರಿ ಮನೆಯಲ್ಲಿ ನೋಡಿದರೆ, ಆಕೆಯು ನಿಂತು ತೆಗೆಸಿಕೊಂಡ ಚಿತ್ರವು ಹಿಂದಿನ ವರ್ಷದಂತೆಯೇ ಸಾಧಾರಣ. ಆದರೆ ಅದಕ್ಕೆ ಮುಂಚಿನ ಇಪ್ಪತ್ತರಲ್ಲಿ ಒಂದು ಅಸಾಧಾರಣವಾಗಿತ್ತು. ಸೆರಗು ಜಾರಿ, ಬೆವೆತ ಕೂದಲು ಹಣೆಗೆ ಅಂಟಿ, ಬಾಯಿ ಅರ್ಧ ತೆರೆದು, ಒಂದು ಕೈ ನನ್ನ ಕಡೆಗೆ ಚಾಚಿ ತಡೆಯುತ್ತಿದ್ದಾಳೆ. ಹಿಂದೆ ಬಿಳಿಯ ಹತ್ತಿಯ ಹೊಲ. ಮಗನೂ ಅವನ ಗೆಳೆಯರೂ ಅದನ್ನೇ ಹೊಗಳಿದರು. ಸ್ಪರ್ಧೆಗೆ ಕಳಿಸಬಹುದೆಂದರು. ನನಗೂ ಅದೇ ಉತ್ತಮವೆಂದು ತೋರಿತು. ಆಮೇಲೆ ಆ ಚಾಚಿದ ಕೈಯನ್ನು ನೋಡಿದೆನು. ಚಿತ್ರದ ಸೊಬಗೆಲ್ಲ ಆ ಕೈಯಲ್ಲಿತ್ತು. ಆ ಕೈ ಹೇಳುತ್ತಿದ್ದುದು "ಈಗ ಬೇಡ" ಎಂದು.

ಆ ಚಿತ್ರವು ಯಾರದು? ಯಂತ್ರವು ನಮ್ಮದು, ಬೆರಳು ನನ್ನದು, ಮುಖವು ಆಕೆಯದು. ಬೌದ್ಧರೂ ಜೈನರೂ ಕಳ್ಳತನವನ್ನು "ಅದತ್ತಾದಾನ" ಎಂದು ಕರೆದರು: ಕೊಡದಿದ್ದುದನ್ನು ತೆಗೆದುಕೊಳ್ಳುವದು. ಒಡೆಯನಿಗೆ ನಷ್ಟವಾಯಿತೋ ಇಲ್ಲವೋ ಎಂಬುದಕ್ಕಿಂತ ಒಡೆಯನು ಕೊಟ್ಟನೋ ಇಲ್ಲವೋ ಎಂಬುದನ್ನೇ ಆ ಮಾತು ಮುಂದಿಡುತ್ತದೆ. ಮುಖದ ಚಿತ್ರವನ್ನು ತೆಗೆದುಕೊಂಡರೆ ಮುಖವು ಕಡಿಮೆಯಾಗುವದಿಲ್ಲ, ನಿಜ. ಆದರೆ ತಾನು ಹೇಗೆ ಕಾಣಬೇಕೆಂದು ನಿಶ್ಚಯಿಸುವ ಒಂದು ಗಳಿಗೆಯನ್ನು ಆಕೆಯು ಬೇಡಿದ್ದಳು. ದಿನಗೂಲಿಯ ಬದುಕಿನಲ್ಲಿ ಅನ್ಯರು ನಿಶ್ಚಯಿಸದೆ ಆಕೆಯ ಪಾಲಿಗೆ ಉಳಿದಿರುವ ಸಂಗತಿಗಳು ಬಹಳವಲ್ಲ, ಅವುಗಳಲ್ಲಿ ಅದೊಂದು. ಅದನ್ನು ನಾನು ಕೊಟ್ಟಂತೆ ನಟಿಸಿದೆನು. ಕೊಡುವ ಮೊದಲೇ ಕೆಲಸ ಮುಗಿಸಿದ್ದೆನು.

ಇಲ್ಲಿ ಒಂದು ತೀರ್ಮಾನಕ್ಕೆ ಅವಸರದಿಂದ ಹಾರಬಹುದು: ನಿಧಾನವಾದ ಹಳೆಯ ಯಂತ್ರವು ಸಭ್ಯ, ಚುರುಕಾದ ಹೊಸದು ಅಸಭ್ಯ. ನಾನೂ ಕೆಲವು ದಿನ ಹಾಗೆಯೇ ಹೇಳಿಕೊಂಡು ತಿರುಗಿದೆನು. ಚರಿತ್ರೆಯ ಕಡೆಗೆ ನೋಡಿದಾಗ ಅದು ನಿಲ್ಲಲಿಲ್ಲ.

ನಿಧಾನದ ಗುಣವನ್ನು ತೋರಿಸುವ ಚಿತ್ರವೊಂದು ಪ್ರಸಿದ್ಧವಾಗಿದೆ. ೧೮೩೮ರಲ್ಲಿ ಡಾಗೇರನು ಪ್ಯಾರಿಸ್ ನಗರದ ಒಂದು ದೊಡ್ಡ ಬೀದಿಯನ್ನು ತನ್ನ ಮನೆಯ ಕಿಟಕಿಯಿಂದ ತೆಗೆದನು. ಹಗಲು ಹೊತ್ತು, ಗಾಡಿಗಳೂ ಜನರೂ ಓಡಾಡುತ್ತಿದ್ದ ಬೀದಿ. ಆದರೆ ಬೆಳಕು ಫಲಕದ ಮೇಲೆ ಕೆಲವು ನಿಮಿಷ ಬಿದ್ದಿರಬೇಕಾಗಿದ್ದುದರಿಂದ ಓಡಾಡಿದವರು ಯಾರೂ ಅದರಲ್ಲಿ ಮೂಡಲಿಲ್ಲ. ಬೀದಿಯ ಮೂಲೆಯಲ್ಲಿ ನಿಂತು ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬನೂ, ಅವನ ಕಾಲಬಳಿ ಕುಳಿತವನೂ ಮಾತ್ರ ಕಾಣುತ್ತಾರೆ. ಆ ಕಾಲದ ಯಂತ್ರಕ್ಕೆ ನಿಂತವನೊಬ್ಬನೇ ಸಿಕ್ಕುತ್ತಿದ್ದನು. ಆದ್ದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರ ತೆಗೆಯಬೇಕಾದವನು ಎದುರಿನವನನ್ನು ನಿಲ್ಲೆಂದು ಕೇಳಲೇಬೇಕಾಗಿತ್ತು. ನಮ್ಮ ರಾಯಚೂರು ಸೀಮೆಯು ನಿಜಾಮರ ಆಳಿಕೆಯಲ್ಲಿದ್ದ ಆ ಕಾಲದಲ್ಲಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಲಾಲಾ ದೀನದಯಾಳರ ಚಿತ್ರಗಳಲ್ಲಿ ಕಾಣುವ ನಿಲುವು, ಉಡಿಗೆತೊಡಿಗೆಗಳ ಅಚ್ಚುಕಟ್ಟು, ಈ ಕೇಳುವಿಕೆಯ ಫಲ. ಚಿತ್ರ ತೆಗೆಸಿಕೊಂಡವರೂ ಅದರ ಕರ್ತೃಗಳಲ್ಲಿ ಒಬ್ಬರಾಗಿದ್ದರು.

ಆದರೆ ಕೇಳುವದು ಬೇರೆ, ಮರ್ಯಾದೆಯಿಂದ ಕೇಳುವದು ಬೇರೆ. ಅದೇ ಕಾಲದಲ್ಲಿ, ೧೮೬೮ರಿಂದ ೧೮೭೫ರವರೆಗೆ, ಬ್ರಿಟಿಷ್ ಸರಕಾರವು "ದಿ ಪೀಪಲ್ ಆಫ್ ಇಂಡಿಯಾ" ಎಂಬ ಎಂಟು ಸಂಪುಟಗಳನ್ನು ಹೊರಡಿಸಿತು. ಈ ದೇಶದ ಜಾತಿಬುಡಕಟ್ಟುಗಳ ಜನರನ್ನು ನಿಲ್ಲಿಸಿ, ಕೂಡಿಸಿ, ಚಿತ್ರ ತೆಗೆದು, ಇಂಥವರು ಇಂಥ ಸ್ವಭಾವದವರೆಂದು ಕೆಳಗೆ ಬರೆದರು. ಆ ಕ್ಯಾಮರಾಗಳು ನನ್ನ ಹಳೆಯದಕ್ಕಿಂತ ಎಷ್ಟೋ ಪಾಲು ನಿಧಾನವಾದವು. ಅಲ್ಲಿ ನಿಂತವರು ಅಲುಗದೆ ನಿಂತರು. ಆದರೆ ಆಳುವವರು ನಿಲ್ಲಿಸಿದಾಗ ನಿಲ್ಲುವದಕ್ಕೂ ಒಪ್ಪಿ ನಿಲ್ಲುವದಕ್ಕೂ ಇರುವ ಭೇದವನ್ನು ಯಾವ ಫಲಕವೂ ತೋರಿಸಲಾರದು. ಯಂತ್ರದ ನಿಧಾನವು ಸಭ್ಯತೆಗೆ ಅವಕಾಶವನ್ನು ಕೊಟ್ಟಿತ್ತೇ ಹೊರತು ಸಭ್ಯತೆಯನ್ನೇ ಕೊಟ್ಟಿರಲಿಲ್ಲ. ನನ್ನ ವಿಷಯವೂ ಇದೇ ಅಲ್ಲವೆ? ಹಿಂದಿನ ವರ್ಷ ನಾನು ಆ ಮುದುಕಿಗಾಗಿ ಕಾದದ್ದು ಮರ್ಯಾದೆಯಿಂದಲೋ, ಫೋಕಸ್ ಇನ್ನೂ ಸಿಕ್ಕದಿದ್ದುದರಿಂದಲೋ? ಪ್ರಾಮಾಣಿಕವಾಗಿ ಹೇಳಬೇಕಾದರೆ ಎರಡನೆಯ ಕಾರಣದಿಂದ. ಇಷ್ಟು ವರ್ಷ ನನ್ನ ಗುಣವೆಂದು ತಿಳಿದದ್ದು ಯಂತ್ರದ ದೋಷವಾಗಿತ್ತು. ಹೊಸ ಯಂತ್ರವು ಆ ದೋಷವನ್ನು ತೆಗೆಯಿತು. ಅದರೊಡನೆ ನನ್ನ ಗುಣವೂ ಹೋಯಿತು. ಹಾಗೆ ಹೋಗುವ ಗುಣವು ನನ್ನದಾಗಿರಲೇ ಇಲ್ಲ.

ಇದು ಕ್ಯಾಮರಾಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ದಾರಿ ದೂರವಾಗಿದ್ದಾಗ ಬಂದ ಅತಿಥಿಯನ್ನು ರಾತ್ರಿ ಉಳಿಸಿಕೊಳ್ಳುತ್ತಿದ್ದೆವು. ಬಸ್ಸು ಬಂದ ಮೇಲೆ ಕಳಿಸಿಬಿಡುತ್ತೇವೆ. ಕಾಗದ ಬರೆಯುವದು ತಡವಾಗುತ್ತಿದ್ದುದರಿಂದ ಕೋಪದ ಮಾತು ಬರೆಯುವಷ್ಟರಲ್ಲಿ ತಣಿಯುತ್ತಿತ್ತು; ಈಗ ತಣಿಯುವ ಮೊದಲೇ ಮುಟ್ಟುತ್ತದೆ. ಅಡಚಣೆಯು ಕಾಯುತ್ತಿದ್ದ ಎಷ್ಟೋ ನಡತೆಗಳನ್ನು ನಾವು ಸ್ವಭಾವವೆಂದು ತಿಳಿದಿದ್ದೆವು. ಅಡಚಣೆಯು ತೊಲಗಿದ ದಿನವೇ ನಮ್ಮ ನಿಜವಾದ ಸ್ವಭಾವವು ಪರೀಕ್ಷೆಗೆ ಬರುವದು.

ಈ ಪರೀಕ್ಷೆಯು ಇನ್ನೂ ಕಠಿಣವಾಗುವ ಕಡೆಗೆ ಯಂತ್ರಗಳು ಸಾಗಿವೆ. ೨೦೧೬ರಲ್ಲಿ ಒಲಿಂಪಸ್ ಕಂಪನಿಯು ಹೊರತಂದ ಇ-ಎಂ೧ ಎಂಬ ಕ್ಯಾಮರಾದ ಎರಡನೆಯ ಆವೃತ್ತಿಯಲ್ಲಿ ಒಂದು ವಿಚಿತ್ರ ಶಕ್ತಿಯಿತ್ತು. ಗುಂಡಿಯನ್ನು ಅರ್ಧ ಒತ್ತಿ ಹಿಡಿದಾಗಿನಿಂದ ಯಂತ್ರವು ಒಳಗೊಳಗೆ ಚಿತ್ರಗಳನ್ನು ತೆಗೆಯುತ್ತ, ಹಳೆಯವನ್ನು ಬಿಡುತ್ತ, ಹೊಸವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತ ಇರುವದು. ಪೂರ್ತಿ ಒತ್ತಿದೊಡನೆ ಅದಕ್ಕಿಂತ ಹಿಂದಿನ ೧೪ ಚಿತ್ರಗಳವರೆಗೂ ನಿಮ್ಮ ಕೈಗೆ ಕೊಡುವದು. ಸೋನಿ ಕಂಪನಿಯು ೨೦೨೩ರಲ್ಲಿ ಪ್ರಕಟಿಸಿದ ಎ೯-೩ ಎಂಬುದು ಸೆಕೆಂಡಿಗೆ ೧೨೦ ಚಿತ್ರಗಳ ವೇಗದಲ್ಲಿ, ಒತ್ತುವ ಮೊದಲಿನ ಒಂದು ಸೆಕೆಂಡಿನವರೆಗೆ ಹಿಂದಕ್ಕೆ ಹೋಗಬಲ್ಲದು. ಕೊಂಬೆಯಿಂದ ಹಾರುವ ಹಕ್ಕಿಯನ್ನು, ದಾಂಡಿಗೆ ತಾಗುವ ಚೆಂಡನ್ನು ಹಿಡಿಯಬೇಕೆನ್ನುವವರಿಗೆ ಇದು ದೊಡ್ಡ ವರ. ಮನುಷ್ಯನ ಬೆರಳು ಯಾವಾಗಲೂ ಕಣ್ಣಿಗಿಂತ ಸ್ವಲ್ಪ ತಡ. ಆ ತಡವನ್ನು ಯಂತ್ರವು ತುಂಬಿಕೊಡುತ್ತದೆ.

ಆದರೆ ನೀತಿಯ ದೃಷ್ಟಿಯಿಂದ ಇದು ಹೊಸ ಸಂಗತಿ. ನಮ್ಮಲ್ಲಿ ಯಾವ ಕರ್ಮಕ್ಕಾದರೂ ಮೊದಲು ಸಂಕಲ್ಪ. ಕೈಯಲ್ಲಿ ನೀರನ್ನೂ ಅಕ್ಷತೆಯನ್ನೂ ಹಿಡಿದು, ದೇಶಕಾಲಗಳನ್ನು ಹೇಳಿ, ಇಂಥದನ್ನು ಮಾಡುತ್ತೇನೆಂದು ನುಡಿದ ಮೇಲೆ ಮಾಡುವದು. ಸಂಕಲ್ಪವಿಲ್ಲದೆ ನಡೆದದ್ದು ಕರ್ಮವಲ್ಲ, ಬರಿಯ ಘಟನೆ. ಈ ಯಂತ್ರದಲ್ಲಿ ಕ್ರಿಯೆಯು ಸಂಕಲ್ಪಕ್ಕಿಂತ ಮೊದಲಾಗಿಬಿಟ್ಟಿದೆ. ಹಾಗಾದರೆ ಆ ಹಿಂದಿನ ಸೆಕೆಂಡಿನಲ್ಲಿ ಸಿಕ್ಕಿದ ಚಿತ್ರಕ್ಕೆ ಹೊಣೆ ಯಾರು? "ನಾನು ತೆಗೆಯಲಿಲ್ಲ, ಯಂತ್ರವು ತೆಗೆಯಿತು" ಎಂದು ಹೇಳಬಹುದೇ? ಮುದುಕಿಯ ಆ ಇಪ್ಪತ್ತು ಚಿತ್ರಗಳ ವಿಷಯದಲ್ಲಿ ನಾನೂ ಹೀಗೆಯೇ ಹೇಳಿ ಪಾರಾಗಬಹುದಾಗಿತ್ತು.

ಪಾರಾಗಲು ದಾರಿಯಿಲ್ಲ. ಕಾರಣವಿಷ್ಟೇ: ತೆಗೆಯುವ ಕ್ರಿಯೆಯು ಗುಂಡಿಯಿಂದ ಹೊರಟುಹೋದದ್ದು ನಿಜ, ಆದರೆ ಅದು ಇಲ್ಲವಾಗಲಿಲ್ಲ, ಸ್ಥಳವನ್ನು ಬದಲಿಸಿತು. ರಾತ್ರಿ ಮನೆಯಲ್ಲಿ ಕುಳಿತು, ನೂರರಲ್ಲಿ ಒಂದನ್ನು "ಇದಿರಲಿ" ಎಂದು ಆರಿಸಿದೆನಲ್ಲ, ಆಗ ನಾನು ಆ ಚಿತ್ರವನ್ನು ತೆಗೆದೆನು. ಸಂಕಲ್ಪವು ಅಲ್ಲಿದೆ. ಹೊಲದಲ್ಲಿ ಆದದ್ದು ಘಟನೆ, ಆರಿಸಿದ್ದು ಕರ್ಮ. ಹಿಂದೆ ಅನುಮತಿಯು ಗುಂಡಿಯ ಮುಂಚೆ ಇರಬೇಕಾಗಿತ್ತು, ಏಕೆಂದರೆ ಕರ್ಮವು ಗುಂಡಿಯಲ್ಲಿತ್ತು. ಈಗ ಕರ್ಮವು ಇಟ್ಟುಕೊಳ್ಳುವದರಲ್ಲಿಯೂ ತೋರಿಸುವದರಲ್ಲಿಯೂ ಇರುವದರಿಂದ ಅನುಮತಿಯನ್ನು ಅಲ್ಲಿಯೂ ಕೇಳಬೇಕು. ಕೇಳುವ ಧರ್ಮವು ಹಳತಾಗಲಿಲ್ಲ. ಅದರ ಹೊತ್ತು ಬದಲಾಯಿತು.

ಇಷ್ಟು ಹೇಳಿದ ಮೇಲೆ, ಈ ಧರ್ಮವು ಎಲ್ಲೆಲ್ಲಿ ಅನ್ವಯಿಸುತ್ತದೆಂಬುದನ್ನೂ ಗೊತ್ತುಮಾಡಬೇಕು. ನೋಡುವದೆಲ್ಲ ಋಣವಲ್ಲ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಸಿ. ಬೀಡನ್ ಎಂಬ ಗಣಿಯ ಇಂಜಿನಿಯರರು ಅಶೋಕನ ಶಾಸನವನ್ನು ಕಂಡುಹಿಡಿದರು. "ದೇವಾನಾಂಪ್ರಿಯ" ಎಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಅದರಲ್ಲಿದ್ದುದರಿಂದ ಆ ಬಿರುದಿನ ಅರಸನು ಯಾರೆಂಬ ಪ್ರಶ್ನೆ ಇತ್ಯರ್ಥವಾಯಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ, ಹೈದರಾಬಾದು ಪುರಾತತ್ತ್ವ ಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು. ಶಾಸನದ ಪ್ರತಿ ಮಾಡುವವರ ಹಳೆಯ ಪದ್ಧತಿಯೆಂದರೆ, ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಚ್ಚಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿನಲ್ಲಿ ಕೂಡಿಸಿ, ಮೇಲೆ ಮಸಿಯನ್ನು ಒತ್ತಿ ಅಚ್ಚು ತೆಗೆಯುವದು. ಕ್ಯಾಮರಾವು ಈ ಶ್ರಮವನ್ನೂ, ಕಲ್ಲಿಗೆ ಆಗುವ ಸವೆತವನ್ನೂ ತಪ್ಪಿಸುತ್ತದೆ. ಇಲ್ಲಿ ಹೊಸ ಯಂತ್ರದಷ್ಟೂ ಲಾಭ. ಯಾವ ಸಂಕೋಚವೂ ಬೇಡ. ಏಕೆಂದರೆ ಬರೆಸಿದವನು ಜನರು ನೋಡಲೆಂದೇ ಬರೆಸಿದನು. ಶಾಸನದಲ್ಲಿ ಅನುಮತಿಯು ಮೊದಲೇ ಕೊರೆದಿದೆ. ಮನುಷ್ಯನ ಮುಖದ ಮೇಲೆ ಅಂಥದೇನೂ ಕೊರೆದಿಲ್ಲ.

ಒಬ್ಬ ಮಿತ್ರರು ಇದಕ್ಕೆ ಬಲವಾದ ಆಕ್ಷೇಪವನ್ನೆತ್ತಿದರು. "ಎಲ್ಲರನ್ನೂ ಕೇಳಿ ತೆಗೆಯುವದಾದರೆ ಜಗತ್ತೆಲ್ಲ ಸೆರಗು ಸರಿಮಾಡಿಕೊಂಡ ಚಿತ್ರಗಳಿಂದ ತುಂಬುವದು. ಕೂಲಿಯ ದಣಿವನ್ನು, ಬರಗಾಲವನ್ನು, ಜೀತವನ್ನು ಯಾರು ತೋರಿಸಬೇಕು? ಆ ಮುದುಕಿ ಸರಿಮಾಡಿಕೊಂಡು ನಿಂತ ಚಿತ್ರವು ಸುಳ್ಳು. ನೀವು ಕದ್ದ ಚಿತ್ರವೇ ನಿಜ." ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಅನ್ಯಾಯ ಮಾಡುವವನು ಅದನ್ನು ಮುಚ್ಚಿಡುವಲ್ಲಿ, ಅವನ ಅನುಮತಿಯನ್ನು ಕೇಳಿ ಚಿತ್ರ ತೆಗೆಯಬೇಕೆಂದು ಹೇಳುವದು ಮೂರ್ಖತನ. ಅಲ್ಲಿ ಸಪ್ಪಳವಿಲ್ಲದ ಯಂತ್ರವು ಸತ್ಯದ ಆಳು. ಆದರೆ ಚಿತ್ರದಲ್ಲಿ ಸಿಕ್ಕಿಬೀಳುವವನು ಅನ್ಯಾಯ ಮಾಡಿದವನೋ, ಅನುಭವಿಸಿದವನೋ ಎಂದು ಮೊದಲು ನೋಡಬೇಕು. ಇನ್ನು, ಮುದುಕಿಯ ಯಾವ ಚಿತ್ರವು ನಿಜ? ಬೆವೆತ ಮುಖವು ಹೇಗೆ ನಿಜವೋ, ಅದನ್ನು ಒರೆಸಿಕೊಂಡು ನೆಟ್ಟಗೆ ನಿಲ್ಲುವ ಇಚ್ಛೆಯೂ ಹಾಗೆಯೇ ನಿಜ. ದಣಿವು ಆಕೆಯ ಮೇಲೆ ಬಂದದ್ದು. ಸೆರಗು ಆಕೆಯು ಮಾಡಿದ್ದು. ಮನುಷ್ಯನಿಗೆ ಒದಗಿದ್ದನ್ನು ಮಾತ್ರ ಸತ್ಯವೆಂದೂ ಅವನು ಮಾಡಿಕೊಂಡದ್ದನ್ನು ವೇಷವೆಂದೂ ತಿಳಿಯುವದಕ್ಕೆ ನನಗೆ ಕಾರಣ ಕಾಣುವದಿಲ್ಲ. ನಮ್ಮ ಮಕ್ಕಳ ಮದುವೆಯ ಚಿತ್ರಗಳ ವಿಷಯದಲ್ಲಿ ನಾವು ಯಾರೂ ಹಾಗೆ ತಿಳಿಯುವದಿಲ್ಲ. ಕೂಲಿಯವಳ ಚಿತ್ರಕ್ಕೆ ಮಾತ್ರ ಆ ನಿಯಮವನ್ನು ಹಚ್ಚುತ್ತೇವೆ.

ಕಾನೂನು ಇಲ್ಲಿ ಎಷ್ಟು ದೂರ ಬರುತ್ತದೆ? ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿ ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪು ಕೊಟ್ಟಿತು. ಆಧಾರ್ ಚೀಟಿಗಾಗಿ ಜನರ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಸಂಗ್ರಹಿಸುವದರಿಂದ ಎದ್ದ ವಾದವದು. ದೇಹದ ಗುರುತು ಯಾರದೆಂಬ ಪ್ರಶ್ನೆಯನ್ನು ನಮ್ಮ ನಾಡಿನ ಒಬ್ಬ ಹಿರಿಯರು ಎಂಬತ್ತು ದಾಟಿದ ವಯಸ್ಸಿನಲ್ಲಿ ನ್ಯಾಯಾಲಯದವರೆಗೆ ಒಯ್ದರೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಹತ್ತಿಯ ಹೊಲದಲ್ಲಿನ ಮುದುಕಿಯು ನನ್ನ ಮೇಲೆ ಮೊಕದ್ದಮೆ ಹೂಡುವವಳಲ್ಲ. ಅದು ಆಕೆಗೆ ತಿಳಿಯುವ ಸಂಭವವೂ ಇರಲಿಲ್ಲ. ಕಾನೂನು ತಲುಪದ ಇಂಥ ಸಣ್ಣ ಸ್ಥಳಗಳಲ್ಲಿಯೇ ನೀತಿಯ ಕೆಲಸವು ಬಹಳ.

ಈಗ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಎರಡು ವಾರಗಳ ಮೇಲೆ ಎರಡೂ ಚಿತ್ರಗಳನ್ನು ಅಚ್ಚು ಮಾಡಿಸಿಕೊಂಡು ಗಿಲ್ಲೆಸುಗೂರಿಗೆ ಹೋದೆನು. ನಿಂತು ತೆಗೆಸಿಕೊಂಡದ್ದನ್ನು ನೋಡಿ ಆಕೆಯು ತಲೆಯಾಡಿಸಿ, ಒಳಗಿದ್ದ ಸೊಸೆಗೆ ಕೊಟ್ಟಳು. ಇನ್ನೊಂದನ್ನು ಬಹಳ ಹೊತ್ತು ನೋಡಿದಳು. ಅದು ಹೇಗೆ ಸಿಕ್ಕಿತೆಂದು ಹೇಳಿದೆನು. ಅದನ್ನು ಬೇರೆಯವರಿಗೆ ತೋರಿಸಬಹುದೇ ಎಂದು ಕೇಳಿದೆನು. ಆಕೆಯು ಕೋಪಿಸಿಕೊಳ್ಳಲಿಲ್ಲ. "ಬ್ಯಾಡ ಯಪ್ಪಾ, ನಾ ತಡಿ ಅಂದಿದ್ನೆಲ್ಲ" ಎಂದಳು, ಅಷ್ಟೇ. ಆ ಪ್ರತಿಯನ್ನು ಆಕೆಯ ಕೈಯಲ್ಲಿಯೇ ಬಿಟ್ಟು, ಮನೆಗೆ ಬಂದು ಆ ಇಪ್ಪತ್ತನ್ನೂ ಅಳಿಸಿದೆನು. ಮಗನಿಗೆ ಇದು ಸರಿಬೀಳಲಿಲ್ಲ. ನನಗೂ ಸುಲಭವಾಗಿರಲಿಲ್ಲ, ಇನ್ನೊಮ್ಮೆ ಅಂಥ ಚಿತ್ರವು ನನ್ನ ಕೈಗೆ ಬರಲಾರದು. ಒಳ್ಳೆಯದು ಮಾಡಿದೆನೆಂಬ ತೃಪ್ತಿಗಿಂತ ಕಳೆದುಕೊಂಡೆನೆಂಬ ವ್ಯಥೆಯೇ ಹೆಚ್ಚು ದಿನ ಉಳಿಯಿತು. ಋಣವನ್ನು ತೀರಿಸಿದವನ ಕೈ ಬರಿದಾಗುವದು ಸಹಜವೇ.

ಯಾವ ಕ್ಯಾಮರಾವನ್ನು ಇಟ್ಟುಕೊಂಡೆವೆಂದು ವಾಚಕರು ಕೇಳಬಹುದು. ಹೊಸದನ್ನೇ. ಕೂಸಿನ ಕಣ್ಣಿಗೆ ಬೆಳಕು ಚೆಲ್ಲದ, ನಡುಗುವ ನನ್ನ ಕೈಯನ್ನು ಕ್ಷಮಿಸುವ ಯಂತ್ರವನ್ನು ಬಿಟ್ಟು, ನನ್ನನ್ನು ಬಲವಂತದಿಂದ ಸಭ್ಯನನ್ನಾಗಿ ಮಾಡಲೆಂದು ಹಳೆಯದನ್ನು ಇಟ್ಟುಕೊಳ್ಳುವದು, ಕುಡಿಯಬಾರದೆಂದು ಹಣವನ್ನು ಇನ್ನೊಬ್ಬರ ಕೈಯಲ್ಲಿಡುವ ಕುಡುಕನ ಉಪಾಯದಂತೆ. ಹಳೆಯದನ್ನು ನೆರೆಮನೆಯ ಕಾಲೇಜು ಹುಡುಗಿಯೊಬ್ಬಳಿಗೆ ಕೊಟ್ಟೆನು. ಹೊಸದರಲ್ಲಿ ಒಂದು ಮಾರ್ಪಾಟು ಮಾತ್ರ ಮಾಡಿಕೊಂಡಿದ್ದೇನೆ: ಮನುಷ್ಯರ ಮುಂದೆ ಹಿಡಿಯುವಾಗ, ಸಾವಿನ ಮನೆ ಭಜನೆಗಳನ್ನು ಬಿಟ್ಟು ಉಳಿದ ಕಡೆಯಲ್ಲೆಲ್ಲ, ಅದರ ಸಪ್ಪಳವನ್ನು ಬಿಚ್ಚಿಡುತ್ತೇನೆ. ಚಿತ್ರ ತೆಗೆದದ್ದು ಎದುರಿನವರಿಗೆ ಕೇಳಿಸಬೇಕು. ಕೇಳಿಸಿದರೆ, ಬೇಕಾದವರು ತಡೆಯೆನ್ನುವರು. ತಡೆಯುವದು ಇನ್ನು ನನ್ನ ಕೆಲಸ.